ಕೂದಲಿಗೆ ನುಸಿ, ಕುಂಕುಮಕ್ಕೆ ಬೆಳಕು: ಶೀಲಾ ಗೌಡರ ಪ್ರದರ್ಶನ ಕಟ್ಟುವ ಕೆಲಸ

ಅಭ್ರಕಕ್ಕೆ ನಮ್ಮಲ್ಲಿ ಕಾಗೆಬಂಗಾರ ಅಂತಲೂ ಹೆಸರಿದೆ. ಹೊಳೆಯುತ್ತದೆ, ಮಾರಲು ಹೋದರೆ ಯಾರೂ ಮೂಸುವುದಿಲ್ಲ. ಕಲಾವಿದೆ ಶೀಲಾ ಗೌಡ ತಮ್ಮ 2008ರ ಕೃತಿಯೊಂದಕ್ಕೆ 'ಕಾಗೆಬಂಗಾರ' ಎಂದೇ ಹೆಸರಿಟ್ಟರು. ಡಾಂಬರಿನ ಡ್ರಮ್ಮು, ಅದನ್ನು ಬಿಚ್ಚಿ ಬಡಿದು ಚಪ್ಪಟೆ ಮಾಡಿದ ತಗಡು, ಟಾರ್ಪಾಲು, ಜೊತೆಗೆ ಅಭ್ರಕ. ಯುರೋಪಿನ ಗ್ಯಾಲರಿಯೊಂದರ ಬಿಳಿ ಗೋಡೆಗೆ ಒರಗಿ ನಿಂತಾಗ ಅಲ್ಲಿನವರ ಕಣ್ಣಿಗೆ ಮೊದಲು ಬೀಳುವುದು ಬಣ್ಣದ ಚೌಕಗಳ ಅಮೂರ್ತ ಚಿತ್ರ. ರಸ್ತೆ ಕೆಲಸದವರು ಬೀಡುಬಿಟ್ಟ ಜಾಗ ಕಂಡವರಿಗೆ ಮೊದಲು ಕಾಣುವುದು ಅವರ ಗುಡಿಸಲು. ಎರಡೂ ಅಲ್ಲಿವೆ, ನೋಡುವ ಸರದಿ ಮಾತ್ರ ಹಿಂದುಮುಂದು.

ಇವರ ಕೃತಿಗಳ ಬಗ್ಗೆ ಬರೆಯುವವರು ಹೆಚ್ಚಾಗಿ ಅರ್ಥದ ಬೆನ್ನು ಹತ್ತುತ್ತಾರೆ: ಹಿಂಸೆ, ದುಡಿಮೆ, ಹೆಣ್ಣು, ಜಾತಿ. ತಪ್ಪಿಲ್ಲ. ಆದರೆ ಸಗಣಿ, ಕುಂಕುಮ, ತಲೆಗೂದಲು, ಊದುಬತ್ತಿಯ ಹಿಟ್ಟು, ಬಾಂಡ್ಲಿ ಇಂಥವು ಒಂದು ಮ್ಯೂಸಿಯಂ ಒಳಗೆ ಆರು ತಿಂಗಳು ಬಾಳುವುದು ಹೇಗೆ ಎಂಬ ಪ್ರಶ್ನೆಯೇ ಹೆಚ್ಚು ಕುತೂಹಲದ್ದು. ಅದನ್ನು ಹಿಡಿದು ಹೋದರೆ ಅರ್ಥ ತಾನಾಗಿ ಸಿಗುತ್ತದೆ.

ಹಿನ್ನೆಲೆ ಚುಟುಕಾಗಿ. ಹುಟ್ಟಿದ್ದು 1957ರಲ್ಲಿ, ಕಬ್ಬಿಣ ಮತ್ತು ಕಾಗದದ ಊರಾಗಿದ್ದ ಭದ್ರಾವತಿಯಲ್ಲಿ. ಕಲಿತದ್ದು ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಶುರು ಮಾಡಿದ್ದು ಚಿತ್ರಕಲೆಯಿಂದ. 1992ರ ಗಲಭೆಗಳ ಕಾಲದಲ್ಲಿ ಸಗಣಿಯನ್ನು ಕೈಗೆತ್ತಿಕೊಂಡರು. 2019ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮಿಲಾನಿನ ಪಿರೆಲ್ಲಿ ಹ್ಯಾಂಗರ್‌ಬಿಕೊಕ್ಕಾ ಕಲಾಕೇಂದ್ರದಲ್ಲಿ ನಡೆದ 'ರಿಮೇನ್ಸ್' ಇಟಲಿಯಲ್ಲಿ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ. 1992ರಿಂದ ಈಚೆಗಿನ ಹಲವು ಕೃತಿಗಳು ಅಲ್ಲಿ ಒಂದೇ ಸೂರಿನಡಿ ಬಂದವು. ಅದು ಮುಂದೆ ಸ್ಪೇನಿನ ವಲೆನ್ಸಿಯಾಕ್ಕೂ ಹೋಯಿತು. 2019ರ ಮರಿಯಾ ಲಾಸ್ನಿಗ್ ಪ್ರಶಸ್ತಿಯ ಬೆನ್ನಿಗೆ ಮ್ಯೂನಿಕ್ಕಿನ ಲೆನ್‌ಬಾಕ್‌ಹೌಸ್ ಮ್ಯೂಸಿಯಂ 2020ರಲ್ಲಿ 'ಇಟ್.. ಮ್ಯಾಟರ್ಸ್' ನಡೆಸಿತು.

ಇಂಥ ಪ್ರದರ್ಶನದ ತಯಾರಿಯಲ್ಲಿ ಮ್ಯೂಸಿಯಂ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದದ್ದು ಒಂದೇ: ಯಾವುದು ಪೆಟ್ಟಿಗೆಯಲ್ಲಿ ಬರುತ್ತದೆ, ಯಾವುದನ್ನು ಅಲ್ಲೇ ಜೋಡಿಸಬೇಕು, ಯಾವುದನ್ನು ಅಲ್ಲೇ ಹೊಸದಾಗಿ ಮಾಡಬೇಕು. ಕೆಲಸದವರ ಸಂಖ್ಯೆ, ದಿನಗಳ ಲೆಕ್ಕ, ವಿಮೆ ಎಲ್ಲವೂ ಇದರ ಮೇಲೆ ನಿಂತಿದೆ.

ಜೋಡಿಸುವ ಬಗೆಗೆ 'ಬಿಹೋಲ್ಡ್' ಒಳ್ಳೆಯ ಉದಾಹರಣೆ. ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಮೇಳವಾದ ವೆನಿಸ್ ಬಿಯೆನಾಲೆಯಲ್ಲಿ 2009ರಲ್ಲಿ ಕಂಡದ್ದು, ಈಗ ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ತಲೆಗೂದಲಿನಿಂದ ಹೊಸೆದ ಸುಮಾರು 4,000 ಮೀಟರ್ ಹಗ್ಗ, ಕ್ರೋಮ್ ಹೊಳಪಿನ ಇಪ್ಪತ್ತರಷ್ಟು ಕಾರ್ ಬಂಪರ್. ಮೂಲ ಬೆಂಗಳೂರಿನ ರಸ್ತೆಯಲ್ಲೇ ಇದೆ. ಹರಕೆ ಹೊತ್ತವರು ಮುಡಿ ಕೊಡುತ್ತಾರೆ. ಉದ್ದ ಕೂದಲು ಅಳತೆ ನೋಡಿ ವಿಂಗಡಣೆಯಾಗಿ ವಿಗ್ ಮಾಡುವವರಿಗೆ ಹೋಗುತ್ತದೆ. ಬೆಲೆ ಬಾರದ ಗಿಡ್ಡ ಕೂದಲು ಹಗ್ಗವಾಗಿ, ದೃಷ್ಟಿ ತಾಗದಿರಲೆಂದು ಬಂಪರಿಗೆ ಸುತ್ತಿಕೊಳ್ಳುತ್ತದೆ. ಕೃತಿಯಲ್ಲಿ ಈ ಅಳತೆಯೇ ಉಲ್ಟಾ: ಬಂಪರಿಗೆ ನಾಲ್ಕು ಸುತ್ತು ಬರಬೇಕಿದ್ದ ಹಗ್ಗ ಕಿಲೋಮೀಟರ್‌ಗಟ್ಟಲೆ ಬೆಳೆದು ಗೋಡೆ ತುಂಬುತ್ತದೆ, ಭಾರದ ಉಕ್ಕನ್ನು ಕೂದಲೇ ಹೊತ್ತಂತೆ ಕಾಣುತ್ತದೆ.

ಈ ಹಗ್ಗವನ್ನು ಇಡುವುದೇ ಒಂದು ಕಸುಬು. ಗುಂಡಗೆ ಸುರುಳಿ ಸುತ್ತಿದರೆ ಪ್ರತಿ ಸುತ್ತಿಗೂ ಒಂದು ಮುರಿ ಒಳಗೆ ಕೂರುತ್ತದೆ. ಬಿಚ್ಚುವಾಗ ಅದು ಗಂಟಾಗುತ್ತದೆ, ಗಂಟನ್ನು ಎಳೆದರೆ ಒಣ ಕೂದಲು ಮುರಿಯುತ್ತದೆ. ಇಂಗ್ಲಿಷಿನ 8ರ ಆಕಾರದಲ್ಲಿ ಸುತ್ತಿದರೆ ಒಂದು ಮುರಿಯನ್ನು ಮುಂದಿನದು ಬಿಡಿಸುತ್ತಾ ಹೋಗುತ್ತದೆ. ಮೀನುಗಾರರಿಗೂ ಮೈಕ್ ಸೆಟ್ಟಿನ ಹುಡುಗರಿಗೂ ಇದು ಗೊತ್ತು. ಗಾಳಿಯ ತೇವಾಂಶ ಶೇ 40ಕ್ಕಿಂತ ಕೆಳಗಿಳಿದರೆ ಕೂದಲು ಪೆಡಸಾಗಿ ವಿದ್ಯುತ್ ಹಿಡಿದು ದೂಳನ್ನೆಲ್ಲ ಎಳೆದುಕೊಳ್ಳುತ್ತದೆ. ಶೇ 65 ದಾಟಿದರೆ ಬೂಷ್ಟು ಬರುವ ಭಯ, ಬಂಪರಿನ ಕ್ರೋಮ್ ಬಿರಿದ ಕಡೆ ತುಕ್ಕು. ಆದ್ದರಿಂದ ಶೇ 50ರ ಆಸುಪಾಸಿನಲ್ಲಿ ಅಲುಗಾಡದಂತೆ ನಿಲ್ಲಿಸಬೇಕು. ಬಂಪರ್ ಮುಟ್ಟುವಾಗ ನೈಟ್ರೈಲ್ ಕೈಗವಸು ಕಡ್ಡಾಯ, ಬೆರಳಿನ ಬೆವರಿನ ಉಪ್ಪು ಕ್ರೋಮ್ ಮೇಲೆ ಕಲೆ ಕೂರಿಸುತ್ತದೆ. ಹತ್ತಿಯ ಗವಸು ಬೇಡ. ಬೆವರು ಅದರಿಂದ ಸೋಸಿ ಹೊರಬರುತ್ತದೆ, ಜೊತೆಗೆ ಕೂದಲ ಎಳೆಗೆ ಸಿಕ್ಕಿಕೊಳ್ಳುತ್ತದೆ.

ನಿಜವಾದ ಶತ್ರು ನುಸಿ. ಕೂದಲು ಎಂದರೆ ಕೆರಾಟಿನ್, ಉಣ್ಣೆಯ ಹಾಗೆಯೇ. ಉಣ್ಣೆ ತಿನ್ನುವ ನುಸಿಯ ಮರಿಹುಳಕ್ಕೂ ಕಾರ್ಪೆಟ್ ದುಂಬಿಯ ಮರಿಗೂ ಇದು ಊಟ. ರೇಷ್ಮೆಯಂಥ ಸಣ್ಣ ಬಲೆ, ಮರಳಿನ ಕಾಳಿನಂಥ ಹಿಕ್ಕೆ, ರೋಮವಿರುವ ಕಂದು ಪೊರೆ ಕಂಡರೆ ಹುಳ ಸೇರಿದೆ ಎಂದೇ ಅರ್ಥ. ಮನೆಯಲ್ಲಾದರೆ ನುಸಿಗುಳಿಗೆ ಹಾಕಿ ಕೈತೊಳೆದುಕೊಳ್ಳುತ್ತೇವೆ. ಮ್ಯೂಸಿಯಂನಲ್ಲಿ ಅದು ನಿಷಿದ್ಧ: ಕೆಲಸ ಮಾಡುವವರ ಆರೋಗ್ಯಕ್ಕೆ ಕೆಟ್ಟದ್ದು, ಆವಿ ಬೇರೆ ಕೃತಿಗಳ ಮೇಲೂ ಕೂರುತ್ತದೆ. ಬದಲಿಗೆ ಶೀತಪೆಟ್ಟಿಗೆ. ಹಗ್ಗವನ್ನು ಪಾಲಿಥಿನ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ, ಎರಡು ಪದರ ಬಿಗಿದು ಮೈನಸ್ 30 ಡಿಗ್ರಿಯಲ್ಲಿ 3 ದಿನ. ಯಂತ್ರ ಅಷ್ಟು ಇಳಿಯದಿದ್ದರೆ ಮೈನಸ್ 20ರಲ್ಲಿ 2 ವಾರ. ಇಲ್ಲಿ ಎರಡು ಕಡೆ ಎಡವುತ್ತಾರೆ. ನಿಧಾನವಾಗಿ ತಣಿಸಿದರೆ ಹುಳ ಚಳಿಗೆ ಒಗ್ಗಿಕೊಂಡು ಬದುಕುತ್ತದೆ, ಆದ್ದರಿಂದ ಪೆಟ್ಟಿಗೆಯನ್ನು ತುಂಬಿ ತುಳುಕಿಸದೆ ಬೇಗ ತಣ್ಣಗಾಗುವಷ್ಟೇ ಇಡಬೇಕು. ಹೊರತೆಗೆದ ಕೂಡಲೇ ಚೀಲ ಬಿಚ್ಚಿದರೆ ಕೋಣೆಯ ತೇವ ಹಗ್ಗದ ಮೇಲೆ ನೀರಾಗಿ ಕೂರುತ್ತದೆ, ಆದ್ದರಿಂದ 24 ಗಂಟೆ ಬಿಗಿದೇ ಇಟ್ಟು ಆಮೇಲೆ ತೆರೆಯಬೇಕು. ತೂಗುಹಾಕಿದ ಮೇಲೆ ಗೋಡೆಯ ಬುಡದಲ್ಲಿ ಅಂಟುಬಲೆಗಳನ್ನಿಟ್ಟು ವಾರವಾರ ಎಣಿಸುವುದು ಪ್ರದರ್ಶನ ಮುಗಿಯುವವರೆಗೂ ತಪ್ಪದು.

ಇನ್ನು ಅವರ ಅತಿ ಹೆಚ್ಚು ಚರ್ಚೆಗೆ ಬಂದ 'ಆಂಡ್ ಟೆಲ್ ಹಿಮ್ ಆಫ್ ಮೈ ಪೇನ್'. ಮೊದಲು ಮಾಡಿದ್ದು 1998ರಲ್ಲಿ, ಆಮೇಲೆ 2001, 2007ರಲ್ಲಿ ಮತ್ತೆ. ವಿಧಾನ ಹೇಳಲು ಸುಲಭ: ಒಂದು ಸೂಜಿಗೆ ದಾರ ಪೋಣಿಸಿ, ದಾರದ ನಡುಮಧ್ಯ ಸೂಜಿಯ ಕಣ್ಣಿಗೆ ಬರುವವರೆಗೆ ಎಳೆಯುವುದು. ಹೀಗೆ ಎರಡೆಳೆಯಾದ ದಾರಗಳನ್ನೆಲ್ಲ ಸೇರಿಸಿ, ಅಂಟು ಮತ್ತು ಕುಂಕುಮ ಹಚ್ಚಿ, ಕೈಯಲ್ಲಿ ಹಿಂಡುತ್ತಾ ಒಂದೇ ಹಗ್ಗ ಮಾಡುವುದು. ಕೊನೆಯಲ್ಲಿ ಸೂಜಿಗಳ ಗೊಂಚಲು ತೂಗುತ್ತದೆ. ಹಗ್ಗದ ಉದ್ದ ನೂರು ಮೀಟರನ್ನೂ ಮೀರುತ್ತದೆ. ದುಡಿಮೆ ಎಷ್ಟೆಂದು ಒಮ್ಮೆ ಲೆಕ್ಕ ಹಾಕಿ: 100 ಮೀಟರ್ ಹಗ್ಗಕ್ಕೆ ಒಂದು ಸೂಜಿಯ ದಾರ 200 ಮೀಟರ್. ಅಂಥ ನೂರು ಸೂಜಿ ಎಂದರೆ 20 ಕಿಲೋಮೀಟರ್ ದಾರ, ಮತ್ತು ಪ್ರತಿ ಸೂಜಿಯ ಕಣ್ಣಿನೊಳಗಿಂದ 100 ಮೀಟರ್ ದಾರ ಜಾರಿಹೋಗಬೇಕು. ಹೆಂಗಸರ ಹೊಲಿಗೆ ಕಸೂತಿಯ ತಾಳ್ಮೆ ಅಂತ ಸಲೀಸಾಗಿ ಹೇಳಿಬಿಡುವ ಮಾತಿಗೆ ಇಲ್ಲಿ ಅಳತೆಪಟ್ಟಿ ಹಿಡಿದು ತೋರಿಸಿದ್ದಾರೆ.

ಹಗ್ಗವನ್ನು ಗೋಡೆಯ ಮೇಲೆ, ನೆಲದ ಮೇಲೆ ಹರಿಯಬಿಡುವ ರೀತಿ ಜಾಗದಿಂದ ಜಾಗಕ್ಕೆ ಬೇರೆಯಾಗುತ್ತದೆ. ಕೋಣೆ ನೋಡಿ ತೀರ್ಮಾನ. ಹಾಗಾಗಿ ಗೋಡೆಗೆ ಸುಣ್ಣಬಣ್ಣ ಮಾಡುವವರಿಗೆ ಮೊದಲೇ ಹೇಳಿಡಬೇಕಾದ ಒಂದು ಸಂಗತಿ ಇದೆ. ಕುಂಕುಮ ಎಷ್ಟೇ ಅಂಟಿನಲ್ಲಿ ಕೂತಿದ್ದರೂ ತಾಗಿದ ಕಡೆ ಸ್ವಲ್ಪ ಬಿಡುತ್ತದೆ. ಬಿಳಿ ಗೋಡೆಯ ಕೆಂಪು ಕಲೆಯ ಮೇಲೆ ನೇರವಾಗಿ ಎಮಲ್ಷನ್ ಬಳಿದರೆ ಎರಡು ದಿನದಲ್ಲಿ ಗುಲಾಬಿಯಾಗಿ ಮೇಲೆ ಬರುತ್ತದೆ, ಮೂರು ಕೋಟು ಹೊಡೆದರೂ ಅಷ್ಟೇ. ಒಣಬಟ್ಟೆಯಲ್ಲಿ ಪುಡಿ ತೆಗೆದು, ಉಜ್ಜುಕಾಗದ ಆಡಿಸಿ, ಕಲೆ ತಡೆಯುವ ಪ್ರೈಮರ್ ಹಾಕಿ, ಆಮೇಲೆ ಬಣ್ಣ. ನೀರು ಮಾತ್ರ ಮುಟ್ಟಿಸಬಾರದು.

ಕುಂಕುಮದಲ್ಲೇ ಎರಡು ಜಾತಿ. ಅರಿಶಿನದಿಂದ ಮಾಡಿದ್ದು ಒಂದು: ಅರಿಶಿನದ ಕರ್ಕ್ಯುಮಿನ್ ಕ್ಷಾರಕ್ಕೆ ಸಿಕ್ಕಿದಾಗ ಕೆಂಪಾಗುತ್ತದೆ. ಆರತಿಯ ನೀರಿಗೆ ಅರಿಶಿನ ಸುಣ್ಣ ಕದಡಿದಾಗ ಆಗುವುದೂ ಅದೇ, ಹಳೆಯ ಕುಂಕುಮದಲ್ಲಿ ಬಿಳಿಗಾರ ಮಾಡುತ್ತಿದ್ದದ್ದೂ ಅದೇ. ಅಂಗಡಿಯ ಅಗ್ಗದ ಕುಂಕುಮ ಇನ್ನೊಂದು, ಹಿಟ್ಟಿಗೆ ಕೃತಕ ಬಣ್ಣ ಹತ್ತಿಸಿದ್ದು. ಮೊದಲನೆಯದು ಹುಳಿ ತಾಗಿದರೆ ಹಳದಿಗೆ ತಿರುಗುತ್ತದೆ, ಬೆಳಕಿಗಂತೂ ಬಹಳ ಬೇಗ ಸೋಲುತ್ತದೆ. ಎರಡನೆಯದರ ಆಯಸ್ಸು ಹಾಕಿದ ಬಣ್ಣದ ಮೇಲೆ. ಯಾವುದೆಂದು ಖಚಿತವಿಲ್ಲದಾಗ ಸೂಕ್ಷ್ಮವೆಂದೇ ಹಿಡಿದು 50 ಲಕ್ಸ್ ಬೆಳಕಿಗೆ ಇಳಿಸುವುದು ರೂಢಿ (ಲಕ್ಸ್ ಎಂದರೆ ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ). ಆದರೂ ಲೆಕ್ಕ ನೋಡಿ: 23 ವಾರ, ವಾರಕ್ಕೆ 4 ದಿನ, ದಿನಕ್ಕೆ 10 ಗಂಟೆ ತೆರೆದಿದ್ದರೆ 920 ಗಂಟೆ. 50 ಲಕ್ಸಿನಲ್ಲಿ ಅದು 46,000 ಲಕ್ಸ್-ಗಂಟೆ. ಅತಿ ಸೂಕ್ಷ್ಮ ಬಣ್ಣಗಳಿಗೆ ವರ್ಷಕ್ಕೆ 15,000 ಎಂಬುದು ಅಂತರರಾಷ್ಟ್ರೀಯ ಶಿಫಾರಸು. ಅಂದರೆ ಒಂದೇ ಪ್ರದರ್ಶನಕ್ಕೆ ಮೂರು ವರ್ಷದ ಪಾಲು ಖರ್ಚಾಯಿತು. ಒಂದು ಊರಿನಿಂದ ಇನ್ನೊಂದು ಊರಿಗೆ ಬಿಡುವಿಲ್ಲದೆ ಕಳಿಸುವ ಮುನ್ನ ಇದನ್ನು ಯೋಚಿಸಬೇಕು.

'ವಾಟ್ ಯೆಟ್ ರಿಮೇನ್ಸ್' 2017ರದು, ಬರ್ಮಿಂಗ್‌ಹ್ಯಾಮಿನ ಐಕಾನ್ ಗ್ಯಾಲರಿಯ ಪ್ರದರ್ಶನದಲ್ಲಿ ಬಂದದ್ದು. ಕಟ್ಟಡದ ಕೆಲಸದಲ್ಲಿ ಮರಳು ಜಲ್ಲಿ ಹೊರುವ ಬಾಂಡ್ಲಿಯನ್ನು ಹಳೆಯ ಡ್ರಮ್ಮಿನ ತಗಡಿನಿಂದ ಕತ್ತರಿಸಿ ತೆಗೆದ ಮೇಲೆ ಏನು ಉಳಿಯುತ್ತದೆ ಎಂಬುದೇ ಕೃತಿ. ಇದನ್ನು ನೋಡುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಮಾಡಿಕೊಂಡರೆ ಸಾಕು, ಬೇರೆ ವಿವರಣೆ ಬೇಡ. ಸಾಮಾನ್ಯ 200 ಲೀಟರ್ ಡ್ರಮ್ಮಿನ ಅಡ್ಡಳತೆ ಸುಮಾರು 58 ಸೆಂಟಿಮೀಟರ್, ಎತ್ತರ 88. ಸೀಳಿ ಬಿಚ್ಚಿದರೆ 182ಕ್ಕೆ 88ರ ಹಾಳೆ. ಬಾಂಡ್ಲಿಗೆ 44 ಸೆಂಟಿಮೀಟರ್ ಅಡ್ಡಳತೆಯ ಬಿಲ್ಲೆ ಬೇಕೆಂದಿಟ್ಟುಕೊಳ್ಳಿ. ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು, ಒಟ್ಟು ಎಂಟು. ಎಂಟು ಬಿಲ್ಲೆಯ ವಿಸ್ತೀರ್ಣ ಕಳೆದರೆ ಹಾಳೆಯ ಶೇ 24ರಷ್ಟು ಉಳಿಯುತ್ತದೆ, ಒಳಗೆ ಬಾಗಿದ ಅಂಚಿನ ತುಂಡುಗಳಾಗಿ, ಒಂದಕ್ಕೊಂದು ಅಂಟಿಕೊಂಡು. ಬಿಲ್ಲೆ ಕತ್ತರಿಸುವವನಿಗೆ ಅದು ಗುಜರಿ. ಗ್ಯಾಲರಿಯಲ್ಲಿ ನೇತುಹಾಕಿದಾಗ ಎಂಟು ವೃತ್ತಗಳ ಖಾಲಿ ಜಾಗ ಬಾಂಡ್ಲಿಗಿಂತ ಹೆಚ್ಚು ಕಣ್ಣಿಗೆ ಹೊಡೆಯುತ್ತದೆ. ಜೋಡಿಸುವವರಿಗೆ ಒಂದೇ ಎಚ್ಚರಿಕೆ: ಕತ್ತರಿಸಿದ ತಗಡಿನ ಅಂಚು ಬ್ಲೇಡಿಗೆ ಸಮ. ಚರ್ಮದ ಅಥವಾ ಕೊಯ್ತ ತಡೆಯುವ ಗವಸು ಬೇಕು, ಎರಡು ಜನ ಹಿಡಿಯಬೇಕು, ನಡುವಿನ ಸಣ್ಣ ಕೊಂಡಿಗಳ ಮೇಲೆ ಭಾರ ಬೀಳದಂತೆ ಎತ್ತಬೇಕು. ಇಲ್ಲದಿದ್ದರೆ ಹಾಳೆ ಮಡಚಿಕೊಳ್ಳುತ್ತದೆ. ಮಡಿಕೆ ಬಿದ್ದ ತಗಡನ್ನು ಎಷ್ಟು ಬಡಿದರೂ ಗೆರೆ ಉಳಿಯುತ್ತದೆ.

ಡ್ರಮ್ಮಿನದೇ ಇನ್ನೊಂದು ಕೃತಿ 2006ರ 'ಡಾರ್ಕ್‌ರೂಮ್'. ಹೊರಗಿನಿಂದ ಡ್ರಮ್ಮುಗಳನ್ನು ಕಂಬದಂತೆ ಪೇರಿಸಿದ ಒಂದು ಕೋಣೆ, ಹಳೆಯ ಅರಮನೆಯ ಕಂಬಸಾಲಿನ ಗತ್ತು. ಬಗ್ಗಿ ಒಳಗೆ ಹೊಕ್ಕರೆ ಕತ್ತಲು, ಮೇಲೆ ತಗಡಿನ ತೂತುಗಳಿಂದ ಇಳಿಯುವ ಬೆಳಕು ನಕ್ಷತ್ರದ ಹಾಗೆ. ಈ ನಕ್ಷತ್ರಕ್ಕೆ ಯಾವ ಬಲ್ಬೂ ಇಲ್ಲ, ಹಜಾರದ ಬೆಳಕೇ ಆಧಾರ. ಪಕ್ಕದ ಕುಂಕುಮದ ಹಗ್ಗಕ್ಕಾಗಿ ಹಜಾರವನ್ನೆಲ್ಲ 50 ಲಕ್ಸಿಗೆ ಇಳಿಸಿದರೆ ಇಲ್ಲಿ ಆಕಾಶ ಆರಿಹೋಗುತ್ತದೆ. ಹಾಗಾಗಿ ಇವೆರಡನ್ನು ದೂರ ಇಡಬೇಕು, ಇಲ್ಲವೇ ಡ್ರಮ್ಮಿನ ನೆತ್ತಿಗೆ ಮಾತ್ರ ಪ್ರತ್ಯೇಕ ದೀಪ ಕೊಡಬೇಕು. ನೋಡುವವರಿಗೆ: ಹೊಕ್ಕ ಕೂಡಲೇ ಹೊರಬರಬೇಡಿ, ಕಣ್ಣು ಕತ್ತಲಿಗೆ ಹೊಂದಲು ಎರಡು ಮೂರು ನಿಮಿಷ ಬೇಕು. ಮೊಬೈಲ್ ಟಾರ್ಚ್ ಹಾಕಿದರೆ ನಿಮ್ಮದು ಮಾತ್ರವಲ್ಲ, ಜೊತೆಗಿದ್ದವರ ಎರಡು ನಿಮಿಷವೂ ಹೋಯಿತು. ಬಾಗಿಲು ತಗ್ಗು, ಒಳಗೆ ಜಾಗ ಕಡಿಮೆ. ಒಬ್ಬೊಬ್ಬರನ್ನೇ ಬಿಡಲು ಹೊರಗೆ ಒಬ್ಬ ಸಿಬ್ಬಂದಿ ನಿಲ್ಲಲೇಬೇಕು, ಹಾಗಾಗಿ ಸರದಿ ಸಾಲು ಬೆಳೆಯುತ್ತದೆ.

ಅಲ್ಲೇ ಮಾಡಬೇಕಾದ ಕೃತಿಗಳಲ್ಲಿ ಕಷ್ಟದ್ದು 'ಕೊಲ್ಯಾಟರಲ್'. 2007ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ಕಲಾ ಪ್ರದರ್ಶನ ಡಾಕ್ಯುಮೆಂಟಾದ 12ನೇ ಆವೃತ್ತಿಯಲ್ಲಿ ಕಂಡದ್ದು. ಊದುಬತ್ತಿಯ ಹಿಟ್ಟನ್ನು ನಾದಿ, ಆಕಾರಗಳಾಗಿ ಜಾಲರಿಯ ಚೌಕಟ್ಟಿನ ಮೇಲೆ ಹಾಸಿ, ಹೊತ್ತಿಸಿ, ಬೂದಿಯಾದದ್ದನ್ನು ಹಾಗೇ ಬಿಡುವುದು. ಮೇಲಿನಿಂದ ನೋಡಿದರೆ ಬಾಂಬು ಬಿದ್ದ ಊರಿನ ನಕ್ಷೆ. ಸುಟ್ಟ ಬೂದಿಯನ್ನು ಪೆಟ್ಟಿಗೆಯಲ್ಲಿ ಕಳಿಸಲು ಬರುವುದಿಲ್ಲ. ಊದುಬತ್ತಿ ಹೊಸೆಯುವವರಿಗೆ ಹಿಟ್ಟಿನ ಗುಟ್ಟು ಗೊತ್ತಿದೆ: ಇದ್ದಿಲ ಪುಡಿ ಉರಿಗೆ, ಮರದ ಹಿಟ್ಟು ಮೈಗೆ, ಜಿಗಟು ಎಂಬ ತೊಗಟೆಯ ಪುಡಿ ಅಂಟಿಗೆ. ಜಿಗಟು ಹೆಚ್ಚಾದರೆ ಕಿಡಿ ಮುಂದೆ ಹೋಗದೆ ನಡುವೆ ಆರುತ್ತದೆ. ಕಡಿಮೆಯಾದರೆ ಒಣಗುವಾಗಲೇ ಬಿರುಕು. ದಪ್ಪ ಹಾಸಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ. ಬೆಂಗಳೂರಿನ ಬಿಸಿಲಿಗೆ ಎರಡು ದಿನದಲ್ಲಿ ಒಣಗುವುದು ಉತ್ತರ ಯುರೋಪಿನ ತೇವದ ಒಳಾಂಗಣದಲ್ಲಿ ವಾರ ಹಿಡಿದೀತು. ಮೊದಲು ಒಂದು ಅಂಗೈಯಗಲ ಮಾಡಿ, ಸುಟ್ಟು ನೋಡಿ, ಆಮೇಲೆ ದೊಡ್ಡದಕ್ಕೆ ಕೈಹಾಕುವುದು ಒಳ್ಳೆಯದು.

ಸುಡುವ ದಿನದ ಸಿದ್ಧತೆ ಇನ್ನೊಂದು. ಹೊಗೆ ಪತ್ತೆ ಮಾಡುವ ಸಾಧನಗಳನ್ನು ಆ ಕೋಣೆಗೆ ಮಾತ್ರ ಅನುಮತಿ ಪಡೆದು ನಿಲ್ಲಿಸಬೇಕು, ಅಗ್ನಿಶಾಮಕ ಉಪಕರಣ ಹಿಡಿದವರು ಹತ್ತಿರವಿರಬೇಕು, ಕೊನೆಯ ಕಿಡಿ ಆರಿದ ಮೇಲೂ ಒಂದು ಗಂಟೆ ಕಾವಲು. ಹೊಗೆಯ ಜಿಡ್ಡು ಬೇರೆ ಕೃತಿಗಳ ಮೇಲೆ ಕೂರದಂತೆ ಉಳಿದದ್ದನ್ನೆಲ್ಲ ತೆರೆಯುವ ಮೊದಲೇ ಇದನ್ನು ಮುಗಿಸಬೇಕು. ಇನ್ನು ಬೂದಿ: ಎಸಿಯ ಗಾಳಿ ನೇರ ಬೀಸುವಲ್ಲಿ ಇಟ್ಟರೆ ತಿಂಗಳೊಳಗೆ ಅಂಚು ಹಾರಿಹೋಗುತ್ತದೆ, ಒಬ್ಬರು ಜೋರಾಗಿ ಸೀನಿದರೂ ಸಾಕು. ಗಾಜು ಮುಚ್ಚಿದರೆ ಬೂದಿ ಉಳಿಯುತ್ತದೆ, ವಾಸನೆ ಹೋಗುತ್ತದೆ, ಕೃತಿಯೂ ಅರ್ಧ ಹೋದ ಹಾಗೆ. ನನ್ನ ಪ್ರಕಾರ ಗಾಜಿಗಿಂತ ಗಾಳಿಯ ದಿಕ್ಕು ಬದಲಿಸುವ ತಗಡೊಂದು ವಾಸಿ.

ಸಗಣಿಯ ಕೃತಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆರಣಿ ತಟ್ಟಿದವರಿಗೆ ತಿಳಿದದ್ದೇ: ಹಸಿ ಸಗಣಿಯಲ್ಲಿ ಮುಕ್ಕಾಲಿಗೂ ಮಿಕ್ಕಿ ನೀರು, ಒಣಗುವಾಗ ಕುಗ್ಗುತ್ತದೆ, ಜೀರ್ಣವಾಗದ ನಾರು ಹಿಡಿದುಕೊಂಡಿದ್ದರಿಂದ ಒಡೆಯದೆ ಉಳಿಯುತ್ತದೆ. 1996ರ 'ಮಾರ್ಟರ್ ಲೈನ್' ಸಗಣಿಯ ಇಟ್ಟಿಗೆಗಳ ಸಾಲು, ನಡುವೆ ಕುಂಕುಮದ ಕೆಂಪು ಗೆರೆ. ತೊಂದರೆ ಗಡಿಯಲ್ಲಿ. ಯುರೋಪ್ ಒಕ್ಕೂಟಕ್ಕೆ ಗೊಬ್ಬರ ಸೇರಿದಂತೆ ಪ್ರಾಣಿಜನ್ಯ ಉಪವಸ್ತುಗಳು ಹೋಗಬೇಕಾದರೆ 1069/2009ರ ನಿಯಮ ಅಡ್ಡ ಬರುತ್ತದೆ. ಕಲಾಕೃತಿ ಎಂದು ಕಾಗದದಲ್ಲಿ ಬರೆದರೆ ಮುಗಿಯಲಿಲ್ಲ, ಆ ದೇಶದ ಪಶುವೈದ್ಯ ಇಲಾಖೆಯನ್ನು ತಿಂಗಳುಗಳ ಮೊದಲೇ ಕೇಳಬೇಕು. ಸಾಗಿಸುವ ಮರದ ಪೆಟ್ಟಿಗೆಗಳಿಗೂ ನಿಯಮವಿದೆ: ಮರದ ಒಳತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು, ಮುದ್ರೆ ಕಾಣುವಂತಿರಬೇಕು. ತಾತ್ಕಾಲಿಕವಾಗಿ ಹೋಗಿಬರುವ ಕೃತಿಗಳಿಗೆ ಎಟಿಎ ಕಾರ್ನೆ ಎಂಬ, ಸುಂಕ ಕಟ್ಟದೆ ಗಡಿ ದಾಟಿಸುವ ಕಸ್ಟಮ್ಸ್ ಪತ್ರ ಅನುಕೂಲ, ಆದರೆ ಅದರ ಆಯುಸ್ಸು ಒಂದು ವರ್ಷ. ಪ್ರದರ್ಶನ ಎರಡನೇ ಊರಿಗೆ ಹೋಗುವುದಾದರೆ ದಿನ ಎಣಿಸಿಕೊಳ್ಳಬೇಕು. ಕೆಡವಿದ ಮನೆಗಳ ಬಾಗಿಲು ಕಿಟಕಿಗಳನ್ನು ಬಳಸಿದ ಕೃತಿಗಳಿಗೆ ನಮ್ಮ ಕಸ್ಟಮ್ಸ್‌ನಲ್ಲೇ ಪ್ರಶ್ನೆ ಬಂದೀತು. ನೂರು ವರ್ಷ ದಾಟಿದ ವಸ್ತು 1972ರ ಪುರಾವಸ್ತು ಕಾಯ್ದೆಗೆ ಸಿಕ್ಕುತ್ತದೆ, ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರ ಮೊದಲೇ ಕೈಯಲ್ಲಿದ್ದರೆ ಒಳ್ಳೆಯದು.

ಪ್ರದರ್ಶನದ ಜೊತೆಗಿನ ಕಾರ್ಯಕ್ರಮಗಳಲ್ಲಿ ಹೆಚ್ಚಿನ ಕಡೆ ಅದೇ ಪಾಠ: ಉದ್ಘಾಟನೆ, ಕಲಾವಿದೆಯೊಡನೆ ಮಾತು, ಮಕ್ಕಳಿಗೆ ಕಾರ್ಯಾಗಾರ, ಪುಸ್ತಕ. ಹ್ಯಾಂಗರ್‌ಬಿಕೊಕ್ಕಾದಲ್ಲಿ ಪ್ರವೇಶ ಉಚಿತ, ಹಜಾರದೊಳಗೇ ವಿವರಿಸುವವರು ನಿಂತಿರುತ್ತಾರೆ. ಸಭಾಂಗಣದ ಭಾಷಣಕ್ಕಿಂತ ಈ ಏರ್ಪಾಡು ಇಂಥ ಕೃತಿಗಳಿಗೆ ಹೆಚ್ಚು ಒಪ್ಪುತ್ತದೆ, ಯಾಕೆಂದರೆ ಪ್ರಶ್ನೆಗಳು ವಸ್ತುವಿನ ಎದುರೇ ಹುಟ್ಟುತ್ತವೆ. ಇದು ಯಾರ ಕೂದಲು? ಕೊಟ್ಟವರಿಗೆ ಗೊತ್ತೇ? ವಿವರಿಸುವವರಿಗೆ ಮುಡಿ ಕೊಡುವುದು ಶಿಕ್ಷೆಯಲ್ಲ, ಹರಕೆ ಎಂಬುದಾದರೂ ಗೊತ್ತಿರಬೇಕು. ಮಕ್ಕಳ ಕಾರ್ಯಾಗಾರದಲ್ಲಿ ಕುಂಕುಮ ಕೊಟ್ಟು ಕಲಸಲು ಬಿಡುವುದು ಬೇಡ, ಬಟ್ಟೆಯ ಕಲೆ ಹೋಗದು. ಹತ್ತು ಮೀಟರ್ ದಾರ, ಒಂದು ಸೂಜಿ ಕೊಟ್ಟು ನಡುಮಧ್ಯದವರೆಗೆ ಎಳೆಯಲು ಹೇಳಿ. ಐದೇ ನಿಮಿಷದಲ್ಲಿ ದಾರ ಸಿಕ್ಕಾಗುತ್ತದೆ, ಹಗ್ಗದ ಎದುರು ನಿಂತಾಗ ಮಕ್ಕಳೇ ಲೆಕ್ಕ ಹಾಕುತ್ತಾರೆ.

ಲಂಡನ್ನಿಗೆ ಹೋಗುವವರು 'ಬಿಹೋಲ್ಡ್' ಅಲ್ಲಿ ಸದಾ ಗೋಡೆಯ ಮೇಲಿರುತ್ತದೆಂದು ನಂಬಿ ಹೋಗಬೇಡಿ. ಟೇಟ್ ಜಾಲತಾಣದಲ್ಲಿ ಆ ಕೃತಿಯ ಪುಟ ತೆರೆದು, ಈಗ ಪ್ರದರ್ಶನದಲ್ಲಿದೆಯೇ ನೋಡಿಕೊಂಡು ಹೊರಡಿ.

ಸಾಗಣೆಯ ಮಾತು ಬಂದಾಗ 'ಸ್ಟಾಪ್‌ಓವರ್' ನೆನಪಾಗದೆ ಇರದು. 2012ರ ಮೊದಲ ಕೊಚ್ಚಿ-ಮುಜಿರಿಸ್ ಬಿಯೆನಾಲೆಗೆ ಶೀಲಾ ಗೌಡ ಮತ್ತು ಕಲಾವಿದ ಕ್ರಿಸ್ಟೊಫ್ ಸ್ಟೋರ್ಜ್ ಸೇರಿ ಮಾಡಿದ್ದು. ಮಿಕ್ಸಿ ಬಂದ ಮೇಲೆ, ಹಳೆ ಮನೆ ಕೆಡವಿದ ಮೇಲೆ, ಎಸೆಯಲೂ ಮನಸ್ಸಾಗದೆ ಬೆಂಗಳೂರಿನ ಬೀದಿಬದಿಯಲ್ಲಿ ಬಿಟ್ಟ ಒರಳುಕಲ್ಲುಗಳು, 170ರಷ್ಟು, ಲಾರಿಯಲ್ಲಿ ಕೊಚ್ಚಿಗೆ ಹೋದವು. ಗ್ರಾನೈಟಿನ ತೂಕ ಘನಮೀಟರಿಗೆ 2.7 ಟನ್. 45 ಸೆಂಟಿಮೀಟರಿನ ಚಚ್ಚೌಕ ಕಲ್ಲೊಂದು ಗುಂಡಿ ಕೊರೆಯುವ ಮೊದಲು ಸುಮಾರು 245 ಕಿಲೋ. ಸರಾಸರಿ 100 ಕಿಲೋ ಹಿಡಿದರೂ ಒಟ್ಟು 17 ಟನ್. ಇದನ್ನು ಮ್ಯೂಸಿಯಂನ ಮೊದಲ ಮಹಡಿಗೆ ಏರಿಸುವ ಮಾತೆತ್ತಿದರೆ ಎಂಜಿನಿಯರ್ ತಲೆ ಕೆರೆದುಕೊಳ್ಳುತ್ತಾರೆ, ಅಂಥ ನೆಲಗಳು ಚದರ ಮೀಟರಿಗೆ ಸಾಮಾನ್ಯವಾಗಿ 500 ಕಿಲೋ ಲೆಕ್ಕದಲ್ಲಿ ಕಟ್ಟಿದವು. ಬಿಯೆನಾಲೆ ನಡೆದ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್‌ನಲ್ಲಿ ಕಲ್ಲುಗಳು ಬಯಲಿನಲ್ಲೇ, ನೀರಿನ ಕಡೆಗೆ ಹರಡಿಕೊಂಡು ಕೂತವು.